ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್: ಪುಕ್ಕಟೆ ವರ್ಚುವಲ್ ಮಷಿನ್ ತಂತ್ರಾಂಶ ಆರಿಸುವುದು ಹೇಗೆ

ತೋಟದ ಆಫೀಸಿನಲ್ಲಿ ಚೆಕ್‌ರೋಲ್ (ಕಾರ್ಮಿಕರ ಹಾಜರಿ, ಕೂಲಿಯ ಲೆಕ್ಕ) ನೋಡಿಕೊಳ್ಳುವ ಹಳೆಯ ಪ್ರೋಗ್ರಾಂ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ಓಡುತ್ತದೆ. ಆ ಪಿಸಿಯ ಮದರ್‌ಬೋರ್ಡು ಇನ್ನೊಂದು ಮಳೆಗಾಲ ದಾಟುವ ಲಕ್ಷಣವಿಲ್ಲ. ಇತ್ತ ಕುಶಾಲನಗರದಲ್ಲೋ ಪೊನ್ನಂಪೇಟೆಯಲ್ಲೋ ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಲ್ಯಾಬ್ ಅಭ್ಯಾಸಕ್ಕೆ ಲಿನಕ್ಸ್ ಬೇಕು, ಆದರೆ ಮನೆಯಲ್ಲಿರುವ ಒಂದೇ ಪಿಸಿಯ ವಿಂಡೋಸ್ ಅಳಿಸುವಂತಿಲ್ಲ. ಎರಡಕ್ಕೂ ವರ್ಚುವಲ್ ಮಷಿನ್, ಅಂದರೆ ವಿಎಂ, ಸರಿಯಾದ ದಾರಿ. ಇರುವ ಪಿಸಿಯ ಮೇಲೆ ಒಂದು ತಂತ್ರಾಂಶ ಹಾಕಿದರೆ ಅದರೊಳಗೆ ಬೇರೆಯೇ ಒಂದು ಪಿಸಿ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ. ಹೊರಗಿನ ನಿಜವಾದ ಪಿಸಿಗೆ ಹೋಸ್ಟ್ ಎಂದೂ ಒಳಗಿನದಕ್ಕೆ ಗೆಸ್ಟ್ ಎಂದೂ ಹೆಸರು.

ಪುಕ್ಕಟೆ ಸಿಗುವ ಒಳ್ಳೆಯ ತಂತ್ರಾಂಶಗಳು ನಾಲ್ಕು: ವರ್ಚುವಲ್‌ಬಾಕ್ಸ್, ವಿಎಂವೇರ್ ವರ್ಕ್‌ಸ್ಟೇಷನ್ ಪ್ರೋ, ಮೈಕ್ರೋಸಾಫ್ಟ್‌ನ ಹೈಪರ್-ವಿ, ಲಿನಕ್ಸ್‌ನ ಕೆವಿಎಂ. ಹೋಲಿಕೆಯ ಪಟ್ಟಿ ನೋಡಿ ಆರಿಸಲು ಕೂತರೆ ನಾಲ್ಕೂ ಒಂದೇ ಥರ ಕಾಣುತ್ತವೆ. ಹಾಗಾಗಿ ತಂತ್ರಾಂಶವನ್ನು ಕೊನೆಗೆ ಆರಿಸಿ. ನಿಮ್ಮ ಪಿಸಿಯಲ್ಲಿ ಏನಿದೆ, ಗೆಸ್ಟ್‌ಗೆ ಯಾವ ಯುಎಸ್‌ಬಿ ಸಾಧನ ಸೇರಬೇಕು, ಕೆಲಸ ಮನೆಯದೋ ವ್ಯಾಪಾರದ್ದೋ, ಇಷ್ಟು ಗೊತ್ತಾದರೆ ಆಯ್ಕೆ ತಾನಾಗಿ ಒಂದಕ್ಕೋ ಎರಡಕ್ಕೋ ಇಳಿಯುತ್ತದೆ.

ಮೊದಲು ಪಿಸಿಯನ್ನು ನೋಡಿ

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರ ಕೊನೆಯಲ್ಲಿ ಅಬೌಟ್. ಅಲ್ಲಿ ವಿಂಡೋಸ್ ಹೋಮ್ ಎಂದಿದೆಯೋ ಪ್ರೋ ಎಂದಿದೆಯೋ ನೋಡಿಕೊಳ್ಳಿ. ಹೋಮ್ ಆದರೆ ಹೈಪರ್-ವಿ ನಿಮಗಿಲ್ಲ. ಅದು ಪ್ರೋ, ಎಂಟರ್‌ಪ್ರೈಸ್ ಮತ್ತು ಎಜುಕೇಷನ್ ಆವೃತ್ತಿಗಳಿಗೆ ಮಾತ್ರ. ಹೋಮ್‌ನಲ್ಲೂ ಅದನ್ನು ತಂದುಕೂರಿಸುವ ಬ್ಯಾಚ್ ಫೈಲುಗಳು ಅಂತರ್ಜಾಲದಲ್ಲಿ ಓಡಾಡುತ್ತಿವೆ. ಮೈಕ್ರೋಸಾಫ್ಟ್‌ನ ಬೆಂಬಲ ಅವಕ್ಕಿಲ್ಲ, ಬೇರೆ ಒಳ್ಳೆಯ ದಾರಿ ಇರುವಾಗ ಅದರ ಸಹವಾಸವೂ ಬೇಡ.

ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಸಿಪಿಯು ಒತ್ತಿ. ಕೆಳಗೆ ಬಲಬದಿಯಲ್ಲಿ ವರ್ಚುವಲೈಸೇಷನ್ ಎಂಬ ಸಾಲಿದೆ. ಎನೇಬಲ್ಡ್ ಎಂದಿದ್ದರೆ ಮುಂದುವರಿಯಿರಿ. ಡಿಸೇಬಲ್ಡ್ ಎಂದಿದ್ದರೆ ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಪಿಸಿಯ ಮೂಲ ಸೆಟ್ಟಿಂಗ್‌ಗಳಿಗೆ, ಹೋಗಿ ಆನ್ ಮಾಡಬೇಕು. ಪಿಸಿ ಆನ್ ಆಗುವಾಗಲೇ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಅಸೆಂಬಲ್ ಮಾಡಿಸಿದ ಪಿಸಿಗಳಲ್ಲಿ ಹೆಚ್ಚಾಗಿ ಡಿಲೀಟ್ ಕೀ ಒತ್ತುತ್ತಿರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಇಂಟೆಲ್ ವರ್ಚುವಲೈಸೇಷನ್ ಟೆಕ್ನಾಲಜಿ ಅಥವಾ ವಿಟಿ-ಎಕ್ಸ್ ಎಂದು ಇರುತ್ತದೆ. ಎಎಂಡಿ ಬೋರ್ಡುಗಳಲ್ಲಿ ಇದೇ ಸಂಗತಿಗೆ ಎಸ್‌ವಿಎಂ ಮೋಡ್ ಎಂದು ಹೆಸರು. ಎಷ್ಟೋ ಜನ ವರ್ಚುವಲೈಸೇಷನ್ ಎಂಬ ಪದವನ್ನೇ ಹುಡುಕಿ, ಸಿಗದೆ, ತಮ್ಮ ಪಿಸಿಗೆ ಆ ಸೌಲಭ್ಯವಿಲ್ಲ ಎಂದುಕೊಂಡು ಬಿಟ್ಟುಬಿಡುತ್ತಾರೆ.

ಬಯಾಸ್ ಮುಟ್ಟುವ ಮುಂಚೆ ಒಂದು ಎಚ್ಚರ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇರುವ ಪಿಸಿ, ಬಯಾಸ್ ಬದಲಾದದ್ದನ್ನು ಕಂಡು 48 ಅಂಕೆಗಳ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ವರ್ಚುವಲೈಸೇಷನ್ ಇಲ್ಲದ ತೀರ ಹಳೆಯ ಪ್ರೊಸೆಸರ್‌ಗಳಿಗೆ ಈಗ ದಾರಿಯಿಲ್ಲ. ಅದಿಲ್ಲದೆ ಓಡುವ ವಿಧಾನವನ್ನು ವರ್ಚುವಲ್‌ಬಾಕ್ಸ್ 6.1ರಲ್ಲೇ ಕೈಬಿಟ್ಟಿತು. ವಿಎಂವೇರ್‌ನ ಈಚಿನ ಆವೃತ್ತಿಗಳೂ ಸುಮಾರು 2011ರ ಈಚೆಗೆ ಬಂದ ಪ್ರೊಸೆಸರ್ ಬಯಸುತ್ತವೆ.

ರ‍್ಯಾಮ್ ಲೆಕ್ಕ ಸುಲಭ. ಹೋಸ್ಟ್‌ಗೆ ಅರ್ಧವಾದರೂ ಉಳಿಯಬೇಕು. 8 ಜಿಬಿ ಪಿಸಿಯಲ್ಲಿ ಗೆಸ್ಟ್‌ಗೆ 3 ಜಿಬಿ, ಹೆಚ್ಚೆಂದರೆ 4. ಎಕ್ಸ್‌ಪಿಗೆ 512 ಎಂಬಿಯಿಂದ 1 ಜಿಬಿ ಧಾರಾಳ. ವಿಂಡೋಸ್ 7ಕ್ಕೆ 2 ಜಿಬಿ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 3 ಜಿಬಿಯಲ್ಲಿ ಚೆನ್ನಾಗಿ ಓಡುತ್ತದೆ. ವಿಂಡೋಸ್ 11 ಗೆಸ್ಟ್ ಬೇಕಿದ್ದರೆ ಅದಕ್ಕೇ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಕೊಡಬೇಕಾದ್ದರಿಂದ 16 ಜಿಬಿ ಇಲ್ಲದ ಪಿಸಿಯಲ್ಲಿ ಅದು ತಲೆನೋವು. ಗೆಸ್ಟ್‌ಗೆ ಹೆಚ್ಚು ಕೊಟ್ಟಷ್ಟೂ ವೇಗ ಎಂದು 8ರಲ್ಲಿ 6 ಕೊಟ್ಟರೆ ಹೋಸ್ಟ್ ವಿಂಡೋಸ್ ಡಿಸ್ಕಿಗೆ ಬರೆಯಲು ಶುರುಮಾಡಿ ಎರಡೂ ತೆವಳುತ್ತವೆ. ಪ್ರೊಸೆಸರ್ ಕೋರ್‌ಗಳಿಗೂ ಇದೇ ಮಾತು: ನಾಲ್ಕು ಕೋರ್ ಇದ್ದರೆ ಗೆಸ್ಟ್‌ಗೆ ಎರಡು ಸಾಕು. ಇನ್ನು ವಿಎಂ ಫೈಲು ಹಾರ್ಡ್‌ಡಿಸ್ಕ್ ಮೇಲಿದ್ದರೆ ಯಾವ ತಂತ್ರಾಂಶ ಆರಿಸಿದರೂ ನಿಧಾನವೇ. ಎಸ್‌ಎಸ್‌ಡಿ ಹಾಕಿಸಿ, ಆಮೇಲೆ ವೇಗದ ಮಾತಾಡೋಣ.

ವರ್ಚುವಲ್‌ಬಾಕ್ಸ್: ಬಹುಪಾಲು ಮಂದಿಗೆ ಇದೇ

ಹೋಸ್ಟ್ ವಿಂಡೋಸ್ ಹೋಮ್, ರ‍್ಯಾಮ್ 8 ಜಿಬಿ, ಕೆಲಸ ಹಳೆಯ ಪ್ರೋಗ್ರಾಂ ಓಡಿಸುವುದೋ ಲಿನಕ್ಸ್ ಕಲಿಯುವುದೋ ಆಗಿದ್ದರೆ ಹೆಚ್ಚು ಯೋಚಿಸದೆ ವರ್ಚುವಲ್‌ಬಾಕ್ಸ್ ಹಾಕಿ. ಜರ್ಮನಿಯ ಇನ್ನೊಟೆಕ್ ಕಟ್ಟಿದ ಇದು 2007ರಲ್ಲಿ ಮುಕ್ತ ತಂತ್ರಾಂಶವಾಯಿತು. 2008ರಲ್ಲಿ ಸನ್ ಕೈಗೆ, 2010ರಲ್ಲಿ ಸನ್ ಜೊತೆಗೇ ಒರಾಕಲ್ ಕೈಗೆ ಬಂತು. ಮೂಲ ಪ್ಯಾಕೇಜ್ ಜಿಪಿಎಲ್ ಪರವಾನಗಿಯದು. ಮನೆ, ಅಂಗಡಿ, ಕ್ಯೂರಿಂಗ್ ವರ್ಕ್ಸ್, ಎಲ್ಲಿ ಬಳಸಿದರೂ ದುಡ್ಡಿಲ್ಲ.

ಆದರೆ ಡೌನ್‌ಲೋಡ್ ಪುಟದಲ್ಲಿ ಪಕ್ಕದಲ್ಲೇ ಎಕ್ಸ್‌ಟೆನ್ಷನ್ ಪ್ಯಾಕ್ ಎಂಬುದಿದೆ. ಅದರ ಪರವಾನಗಿ ಬೇರೆ. ವೈಯಕ್ತಿಕ ಬಳಕೆಗೆ ಮತ್ತು ಕಲಿಕೆಗೆ ಉಚಿತ, ವ್ಯಾಪಾರಕ್ಕೆ ಕಾಸು. ಆಫೀಸಿನ ಪಿಸಿಗೆ ಅದನ್ನು ಹಾಕಲೇಬೇಡಿ. ಹಿಂದೆ ಯುಎಸ್‌ಬಿ 2.0 ಮತ್ತು 3.0 ಬೇಕೆಂದರೆ ಆ ಪ್ಯಾಕ್ ಅನಿವಾರ್ಯವಾಗಿತ್ತು, ಹಳೆಯ ವಿಡಿಯೋಗಳು ಇಂದಿಗೂ ಹಾಗೇ ಹೇಳಿಕೊಡುತ್ತವೆ. 2022ರ 7.0 ಆವೃತ್ತಿಯಿಂದ ಆ ಯುಎಸ್‌ಬಿ ಬೆಂಬಲ ಮೂಲ ಪ್ಯಾಕೇಜಿನಲ್ಲೇ ಇದೆ.

ಅನುಸ್ಥಾಪನೆ ಶುರುವಾಗುತ್ತಲೇ ವಿಷುವಲ್ ಸಿ++ 2019 ರೀಡಿಸ್ಟ್ರಿಬ್ಯೂಟಬಲ್ ಬೇಕೆಂದು ನಿಂತರೆ ಅದನ್ನು ಮೈಕ್ರೋಸಾಫ್ಟ್ ತಾಣದಿಂದ ತಂದು ಹಾಕಿ ಮತ್ತೆ ಓಡಿಸಿ. ಪೈಥಾನ್ ಇಲ್ಲ ಎಂಬ ಎಚ್ಚರಿಕೆ ಬಂದರೆ ಲೆಕ್ಕಿಸಬೇಡಿ, ನಿಮಗದು ಬೇಕಿಲ್ಲ. ನಡುವೆ ನೆಟ್‌ವರ್ಕ್ ಕ್ಷಣಕಾಲ ಕಡಿಯುತ್ತದೆ. ಆ ಹೊತ್ತಿಗೆ ಯಾವುದೇ ದೊಡ್ಡ ಡೌನ್‌ಲೋಡ್ ಓಡುತ್ತಿರಬಾರದು.

ಹೊಸ ವಿಎಂ ಮಾಡಲು ನ್ಯೂ ಒತ್ತಿ, ಹೆಸರು ಕೊಟ್ಟು, ಐಎಸ್‌ಒ ಫೈಲ್ (ಅನುಸ್ಥಾಪನಾ ಸಿಡಿಯ ಪೂರ್ತಿ ಪ್ರತಿ) ತೋರಿಸಿ. ಇಲ್ಲೇ ಬಹಳ ಜನ ಎಡವುವುದು. ಐಎಸ್‌ಒ ತೋರಿಸಿದೊಡನೆ ವರ್ಚುವಲ್‌ಬಾಕ್ಸ್ ತಾನೇ ಎಲ್ಲ ಹಾಕಿಕೊಡುತ್ತೇನೆಂದು ಅನಟೆಂಡೆಡ್ ಇನ್‌ಸ್ಟಲೇಷನ್‌ಗೆ ಹೊರಡುತ್ತದೆ. ಹಾಗೆ ಹಾಕಿದ ಉಬುಂಟು ಎಂಬ ಲಿನಕ್ಸ್‌ನಲ್ಲಿ ವಿಬಾಕ್ಸ್‌ಯೂಸರ್ ಎಂಬ ಖಾತೆ ಇರುತ್ತದೆ, ಆದರೆ ಅದಕ್ಕೆ ಅಡ್ಮಿನ್ ಅಧಿಕಾರ ಇರುವುದಿಲ್ಲ. ಒಂದು ಪ್ಯಾಕೇಜ್ ಹಾಕಹೋದರೂ ನೀವು ಸುಡೂಅರ್ಸ್ (ಅಡ್ಮಿನ್ ಅಧಿಕಾರದವರ) ಪಟ್ಟಿಯಲ್ಲಿಲ್ಲ ಎಂದು ಬೈಸಿಕೊಳ್ಳಬೇಕು. ಆದ್ದರಿಂದ ಅನಟೆಂಡೆಡ್ ಬೇಡ ಎನ್ನುವ ಆಯ್ಕೆ ಮಾಡಿ, ಅನುಸ್ಥಾಪನೆಯನ್ನು ಕೈಯಾರೆ ನಡೆಸಿ.

ಡಿಸ್ಕ್ ಗಾತ್ರ ಲಿನಕ್ಸ್‌ಗೆ 40 ಜಿಬಿ, ಎಕ್ಸ್‌ಪಿಗೆ 20 ಸಾಕು. ಪ್ರೀ-ಅಲೊಕೇಟ್ ಮಾಡದಿದ್ದರೆ, ಅಂದರೆ ಅಷ್ಟೂ ಜಾಗವನ್ನು ಮೊದಲೇ ಕಾದಿರಿಸದಿದ್ದರೆ, ಫೈಲು ಚಿಕ್ಕದಾಗಿ ಶುರುವಾಗಿ ಬಳಸಿದಷ್ಟು ಬೆಳೆಯುತ್ತದೆ, ಆದರೆ ಗೆಸ್ಟ್‌ನೊಳಗೆ ಫೈಲು ಅಳಿಸಿದ ಮಾತ್ರಕ್ಕೆ ಮತ್ತೆ ಕುಗ್ಗುವುದಿಲ್ಲ. ಒಳಗಿನ ಓಎಸ್ (ವಿಂಡೋಸ್, ಲಿನಕ್ಸ್‌ನಂಥ ಕಾರ್ಯಾಚರಣ ವ್ಯವಸ್ಥೆ) ಹಾಕಿ ಮುಗಿದ ಮೇಲೆ ಡಿವೈಸಸ್ ಮೆನುವಿನಿಂದ ಗೆಸ್ಟ್ ಅಡಿಷನ್ಸ್ ಹಾಕಿ. ಅದಿಲ್ಲದಿದ್ದರೆ ಪರದೆ ಪುಟ್ಟದಾಗಿಯೇ ಉಳಿಯುತ್ತದೆ, ಕಾಪಿ-ಪೇಸ್ಟ್ ಮತ್ತು ಶೇರ್ಡ್ ಫೋಲ್ಡರ್ ಕೆಲಸ ಮಾಡುವುದಿಲ್ಲ. ಮೌಸ್ ಒಳಗೆ ಸಿಕ್ಕಿಕೊಂಡರೆ ಬಲಬದಿಯ ಕಂಟ್ರೋಲ್ ಕೀ ಒತ್ತಿ ಹೊರಗೆ ಬನ್ನಿ.

ವಿಎಂ ವಿಪರೀತ ನಿಧಾನವಾದರೆ ಕಿಟಕಿಯ ಕೆಳಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಇದೆಯೇ ನೋಡಿ. ಇದ್ದರೆ ಹೋಸ್ಟ್ ವಿಂಡೋಸ್ ತನ್ನದೇ ಹೈಪರ್-ವಿ ಪದರವನ್ನು ಕೆಳಗೆ ಓಡಿಸುತ್ತಿದೆ, ವರ್ಚುವಲ್‌ಬಾಕ್ಸ್‌ಗೆ ಪ್ರೊಸೆಸರ್ ನೇರವಾಗಿ ಸಿಗುತ್ತಿಲ್ಲ ಎಂದರ್ಥ. ಹೋಮ್ ಆವೃತ್ತಿಯಲ್ಲೂ ಹೀಗಾಗುತ್ತದೆ, ಏಕೆಂದರೆ ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಮತ್ತು ಮೆಮೊರಿ ಇಂಟೆಗ್ರಿಟಿ ಎರಡೂ ಆ ಪದರವನ್ನೇ ಬಳಸುತ್ತವೆ. ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್‌ನಲ್ಲಿ ಹೈಪರ್-ವಿ, ವರ್ಚುವಲ್ ಮಷಿನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಮೂರರ ಗುರುತನ್ನೂ ತೆಗೆದು ಪಿಸಿ ರೀಸ್ಟಾರ್ಟ್ ಮಾಡಿ. ಆಮೆ ಇನ್ನೂ ಹೋಗದಿದ್ದರೆ ವಿಂಡೋಸ್ ಸೆಕ್ಯೂರಿಟಿ, ಡಿವೈಸ್ ಸೆಕ್ಯೂರಿಟಿ, ಕೋರ್ ಐಸೊಲೇಷನ್‌ನಲ್ಲಿ ಮೆಮೊರಿ ಇಂಟೆಗ್ರಿಟಿ ಉಳಿದಿರುತ್ತದೆ. ಅದು ವೈರಸ್‌ಗಳಿಂದ ವಿಂಡೋಸ್‌ನ ಒಳತಿರುಳನ್ನು ಕಾಯುವ ರಕ್ಷಣೆ. ಬ್ಯಾಂಕ್ ವ್ಯವಹಾರ ನಡೆಯುವ ಪಿಸಿಯಲ್ಲಿ ಅದನ್ನು ಆಫ್ ಮಾಡುವ ಬದಲು ಸ್ವಲ್ಪ ನಿಧಾನವನ್ನು ಸಹಿಸಿಕೊಳ್ಳುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಎಕ್ಸ್‌ಪಿಯಂಥ ಹಗುರ ಗೆಸ್ಟ್‌ಗೆ ಆ ನಿಧಾನ ಅಷ್ಟಾಗಿ ತಟ್ಟುವುದೂ ಇಲ್ಲ.

ಉಳಿದ ಮೂರು ಯಾರಿಗೆ

ವಿಎಂವೇರ್ ವರ್ಕ್‌ಸ್ಟೇಷನ್ ಪ್ರೋ ಮೊದಲು ದುಬಾರಿ ಸರಕಾಗಿತ್ತು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ಕೊಂಡ ಮೇಲೆ 2024ರ ಮೇಯಲ್ಲಿ ವೈಯಕ್ತಿಕ ಬಳಕೆಗೆ, ಅದೇ ನವೆಂಬರಿನಲ್ಲಿ ವ್ಯಾಪಾರಕ್ಕೂ ಉಚಿತವಾಯಿತು. ಗ್ರಾಫಿಕ್ಸ್ ವರ್ಚುವಲ್‌ಬಾಕ್ಸ್‌ಗಿಂತ ನುಣುಪು, ಯುಎಸ್‌ಬಿ ಜೋಡಣೆಯೂ ಕಡಿಮೆ ತಕರಾರಿನದು. ವಿಂಡೋಸ್ 11 ಗೆಸ್ಟ್ ಬೇಕಾದವರು, 16 ಜಿಬಿ ರ‍್ಯಾಮ್ ಇರುವವರು ಇದನ್ನೇ ಮೊದಲು ನೋಡಲಿ. ವಿಂಡೋಸ್ 11ಕ್ಕೆ ಟಿಪಿಎಂ ಎಂಬ ಭದ್ರತಾ ಚಿಪ್ ಬೇಕಾದ್ದರಿಂದ ವಿಎಂ ಮಾಡುವಾಗ ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಕೇಳುತ್ತದೆ, ಅದನ್ನು ಬರೆದಿಡಿ, ಮರೆತರೆ ವಿಎಂ ತೆರೆಯುವುದಿಲ್ಲ.

ಇದರ ಕಷ್ಟವೆಲ್ಲ ಡೌನ್‌ಲೋಡ್ ಮಾಡುವುದರಲ್ಲಿದೆ. ಬ್ರಾಡ್‌ಕಾಮ್ ಸಪೋರ್ಟ್ ಪೋರ್ಟಲ್‌ನಲ್ಲಿ ಖಾತೆ ತೆರೆದು, ವಿಳಾಸ ತುಂಬಿ, ಉಚಿತ ತಂತ್ರಾಂಶಗಳ ವಿಭಾಗ ಹುಡುಕಬೇಕು. ಷರತ್ತುಗಳ ಲಿಂಕನ್ನು ಒಮ್ಮೆ ತೆರೆಯದೆ ಒಪ್ಪಿಗೆಯ ಚೌಕ ಒತ್ತಲು ಬಾರದು, ಅದು ಒತ್ತದೆ ಡೌನ್‌ಲೋಡ್ ಗುಂಡಿ ಚಾಲೂ ಆಗದು. ಬೇಸತ್ತು ಗೂಗಲ್‌ನಲ್ಲಿ ಸಿಕ್ಕ ಬೇರೆ ತಾಣದಿಂದ ಇಳಿಸಿಕೊಂಡರೆ ಜೊತೆಗೆ ಏನು ಬರುತ್ತದೋ ಹೇಳಲಾಗದು. ಇನ್ನೊಂದು ಸಂಗತಿ: ಇದು ವಿಎಂಗಳನ್ನು ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ಇಡುತ್ತದೆ. ಒನ್‌ಡ್ರೈವ್ ಬ್ಯಾಕಪ್ ಚಾಲೂ ಇದ್ದರೆ ಆ ಹತ್ತಾರು ಜಿಬಿಯ ಫೈಲು ಮೇಲೇರಲು ಹೊರಡುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರ ದಿನದ ಡೇಟಾ ಬೆಳಿಗ್ಗೆಯೇ ಮುಗಿಯುತ್ತದೆ. ಪ್ರಿಫರೆನ್ಸಸ್‌ನಲ್ಲಿ ಜಾಗವನ್ನು ಬೇರೆ ಡ್ರೈವಿಗೆ ಬದಲಿಸಿ.

ಹೈಪರ್-ವಿ ವಿಂಡೋಸ್ ಪ್ರೋದೊಳಗೇ ಇದೆ, ಫೀಚರ್ಸ್ ಪಟ್ಟಿಯಲ್ಲಿ ಗುರುತು ಹಾಕಿದರೆ ಮುಗಿಯಿತು, ಏನೂ ಇಳಿಸಿಕೊಳ್ಳಬೇಕಿಲ್ಲ. ಡಬ್ಲ್ಯುಎಸ್‌ಎಲ್, ಡಾಕರ್ ಬಳಸುವವರಿಗೆ ಇದೇ ಹೊಂದುತ್ತದೆ, ಆಮೆಯ ಕಾಟವಿಲ್ಲ. ಲಿನಕ್ಸ್ ಹಾಕುವಾಗ ಜನರೇಷನ್ 2 ಆರಿಸಿದರೆ ಸೆಕ್ಯೂರಿಟಿ ವಿಭಾಗದಲ್ಲಿ ಸೆಕ್ಯೂರ್ ಬೂಟ್‌ನ ಟೆಂಪ್ಲೇಟನ್ನು ಮೈಕ್ರೋಸಾಫ್ಟ್ ಯುಇಎಫ್‌ಐ ಸರ್ಟಿಫಿಕೇಟ್ ಅಥಾರಿಟಿ ಎಂದು ಬದಲಿಸಬೇಕು. ಇಲ್ಲದಿದ್ದರೆ ಐಎಸ್‌ಒ ಬೂಟ್ ಆಗುವುದೇ ಇಲ್ಲ. ಆದರೆ ಇದರ ದೊಡ್ಡ ಕೊರತೆ ಯುಎಸ್‌ಬಿ. ಡಾಂಗಲ್ (ಪ್ರೋಗ್ರಾಂ ತೆರೆಯಲು ಸಿಕ್ಕಿಸಬೇಕಾದ ಯುಎಸ್‌ಬಿ ಕೀಲಿ), ಡಿಜಿಟಲ್ ಸಹಿಯ ಟೋಕನ್, ಯುಎಸ್‌ಬಿ ಪ್ರಿಂಟರ್, ಇವನ್ನು ಗೆಸ್ಟ್‌ಗೆ ನೇರವಾಗಿ ಕೊಡುವ ವ್ಯವಸ್ಥೆ ಅದರಲ್ಲಿಲ್ಲ. ಎನ್‌ಹ್ಯಾನ್ಸ್ಡ್ ಸೆಷನ್ ಮೂಲಕ ಕೆಲವು ಸಾಧನ ದಾಟಿಬರುತ್ತವೆ, ಎಲ್ಲವೂ ಅಲ್ಲ. ಟೆಂಡರ್ ಹಾಕುವ ಗುತ್ತಿಗೆದಾರರು, ಜಿಎಸ್‌ಟಿ ರಿಟರ್ನ್ ತುಂಬುವವರು ಟೋಕನ್ ನೆಚ್ಚಿಕೊಂಡಿದ್ದರೆ ಇದನ್ನು ಬಿಟ್ಟುಬಿಡಿ.

ಹೋಸ್ಟೇ ಲಿನಕ್ಸ್ ಆಗಿದ್ದರೆ ಕೆವಿಎಂ. ಇದು 2007ರಿಂದ ಲಿನಕ್ಸ್ ಕರ್ನಲ್‌ನ (ಒಳತಿರುಳಿನ) ಭಾಗವೇ ಆಗಿರುವುದರಿಂದ ಕರ್ನಲ್ ಅಪ್‌ಡೇಟ್ ಆದ ಮರುದಿನ ವಿಎಂ ತೆರೆಯದಿರುವ ಗೋಳು ಇಲ್ಲ. ವರ್ಚುವಲ್‌ಬಾಕ್ಸ್‌ನ ಮಾಡ್ಯೂಲ್‌ಗಳು ಹೊರಗಿನವು. ಸೆಕ್ಯೂರ್ ಬೂಟ್ ಇದ್ದರೆ ಅವಕ್ಕೆ ಸಹಿ ಹಾಕಿಸುವ ರಗಳೆಯೂ ಸೇರುತ್ತದೆ. ಸುಮ್ಮನೆ ಒಂದು ಓಎಸ್ ನೋಡಲು ಗ್ನೋಮ್ ಬಾಕ್ಸಸ್ ಸಾಕು, ಹಿಡಿತ ಬೇಕೆಂದರೆ ವರ್ಟ್-ಮ್ಯಾನೇಜರ್ ಹಾಕಿ. ವಿಂಡೋಸ್ ಗೆಸ್ಟ್ ಹಾಕುವಾಗ ಡಿಸ್ಕೇ ಕಾಣದಿದ್ದರೆ ವರ್ಟಿಯೊ ಡ್ರೈವರ್ ಐಎಸ್‌ಒವನ್ನು ಎರಡನೇ ಸಿಡಿಯಾಗಿ ಜೋಡಿಸಿ ಲೋಡ್ ಡ್ರೈವರ್ ಒತ್ತಿ. ಆಪಲ್‌ನ ಹೊಸ ಮ್ಯಾಕ್ ಇರುವವರಿಗೆ ಯುಟಿಎಂ ಇದೆ. ಅದರ ತಾಣದಲ್ಲಿ ಉಚಿತ, ಆಪ್ ಸ್ಟೋರ್‌ನಲ್ಲಿ ಅದಕ್ಕೇ ಬೆಲೆ.

ಹಳೆಯ ಎಕ್ಸ್‌ಪಿ ಪ್ರೋಗ್ರಾಂ ಉಳಿಸಿಕೊಳ್ಳುವುದು

ಇದು ಕೊಡಗಿನ ಆಫೀಸುಗಳಲ್ಲಿ ಪದೇ ಪದೇ ಎದುರಾಗುವ ಕೆಲಸ, ಇದಕ್ಕೆ ವರ್ಚುವಲ್‌ಬಾಕ್ಸ್ ಹೆಚ್ಚು ಒಗ್ಗುತ್ತದೆ. ವಿಎಂ ಮಾಡುವಾಗ ಓಎಸ್ ಬಗೆಯನ್ನು ವಿಂಡೋಸ್ ಎಕ್ಸ್‌ಪಿ ಎಂದೇ ಆರಿಸಿ. ಆಗ ಡಿಸ್ಕ್ ಹಳೆಯ ಬಗೆಯ ಐಡಿಇ ಕಂಟ್ರೋಲರಿಗೆ ಸೇರುತ್ತದೆ. ಹೊಸ ಬಗೆಯ ಸಾಟಾಗೆ ಸೇರಿಸಿದರೆ ಎಕ್ಸ್‌ಪಿಯಲ್ಲಿ ಅದಕ್ಕೆ ಡ್ರೈವರ್ ಇಲ್ಲದೆ 7ಬಿ ಎಂದು ಮುಗಿಯುವ ನೀಲಿ ಪರದೆ ಬರುತ್ತದೆ. ಯುಎಸ್‌ಬಿಯನ್ನು 2.0ಕ್ಕೆ ಇಳಿಸಿ, ಎಕ್ಸ್‌ಪಿಯಲ್ಲೂ ವಿಂಡೋಸ್ 7ರಲ್ಲೂ 3.0ರ ಡ್ರೈವರ್ ಇಲ್ಲ. ಡಾಂಗಲ್ ಇದ್ದರೆ ಸೆಟ್ಟಿಂಗ್ಸ್‌ನ ಯುಎಸ್‌ಬಿ ವಿಭಾಗದಲ್ಲಿ ಅದಕ್ಕೊಂದು ಫಿಲ್ಟರ್ ಸೇರಿಸಿ, ವಿಎಂ ಆನ್ ಆದಾಗಲೆಲ್ಲ ತಾನೇ ಒಳಗೆ ಹೋಗುತ್ತದೆ. ಒಳಗಿರುವಷ್ಟು ಹೊತ್ತು ಅದು ಹೋಸ್ಟ್‌ಗೆ ಕಾಣುವುದಿಲ್ಲ. ಎರಡೂ ಕಡೆ ಏಕಕಾಲಕ್ಕೆ ಸಿಗಲೆಂದು ಬಯಸಬೇಡಿ.

ಎಕ್ಸ್‌ಪಿಗೆ ಇಂಟರ್‌ನೆಟ್ ಕೊಡಬೇಡಿ. ಮೈಕ್ರೋಸಾಫ್ಟ್ 2014ರಲ್ಲೇ ಅದರ ಬೆಂಬಲ ನಿಲ್ಲಿಸಿದೆ. ನೆಟ್‌ವರ್ಕ್ ವಿಭಾಗದಲ್ಲಿ ನಾಟ್ ಅಟ್ಯಾಚ್ಡ್ ಆರಿಸಿದರೂ ಶೇರ್ಡ್ ಫೋಲ್ಡರ್ ಕೆಲಸ ಮಾಡುತ್ತದೆ, ಅದು ನೆಟ್‌ವರ್ಕ್ ಕಾರ್ಡಿನ ಹಂಗಿಲ್ಲದ್ದು. ಒಂದೇ ಅಪವಾದ ಎಲ್‌ಪಿಟಿ1 ಎಂಬ ಹಳೆಯ ಪ್ರಿಂಟರ್ ಪೋರ್ಟಿಗೆ ಮಾತ್ರ ಪ್ರಿಂಟ್ ಕಳಿಸುವ ಡಾಸ್ ಕಾಲದ ಪ್ರೋಗ್ರಾಂ. ಅದಕ್ಕೆ ಯುಎಸ್‌ಬಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಎಕ್ಸ್‌ಪಿಯೊಳಗೆ ಹಾಕಿ, ಅಲ್ಲೇ ಶೇರ್ ಮಾಡಿ, ನೆಟ್ ಯೂಸ್ ಆದೇಶದಿಂದ ಆ ಶೇರನ್ನು ಎಲ್‌ಪಿಟಿ1ಕ್ಕೆ ಕಟ್ಟಬೇಕು. ಈ ಉಪಾಯಕ್ಕೆ ಚಾಲೂ ಇರುವ ಒಂದು ನೆಟ್‌ವರ್ಕ್ ಕಾರ್ಡ್ ಬೇಕು. ಆಗ ನಾಟ್ ಅಟ್ಯಾಚ್ಡ್ ಬದಲು ಹೋಸ್ಟ್-ಓನ್ಲಿ ಇಡಿ, ಹೊರಗಿನ ಜಾಲ ಆಗಲೂ ಸಿಗುವುದಿಲ್ಲ.

ಪ್ರೋಗ್ರಾಂನ ಸಿಡಿ ಕಳೆದುಹೋಗಿ, ಹಳೆಯ ಪಿಸಿ ವಿಂಡೋಸ್ 7ರದ್ದಾಗಿದ್ದರೆ ಇಡೀ ಡಿಸ್ಕನ್ನೇ ವಿಎಂ ಮಾಡಬಹುದು. ಸಿಸ್‌ಇಂಟರ್ನಲ್ಸ್‌ನ ಡಿಸ್ಕ್2ವಿಎಚ್‌ಡಿ ಎಂಬ ಪುಟ್ಟ ಉಪಕರಣವನ್ನು ಆ ಪಿಸಿಯಲ್ಲೇ ಓಡಿಸಿ. ವಿಎಚ್‌ಡಿಎಕ್ಸ್ ಎಂಬ ಗುರುತು ತೆಗೆದು ವಿಎಚ್‌ಡಿ ಆಗಿ, ಹೊರಗಿನ ಯುಎಸ್‌ಬಿ ಹಾರ್ಡ್‌ಡಿಸ್ಕಿಗೆ ಉಳಿಸಿ. ವರ್ಚುವಲ್‌ಬಾಕ್ಸ್ ಆ ಫೈಲನ್ನು ನೇರ ತೆರೆಯುತ್ತದೆ. ಇಲ್ಲೂ ನೀಲಿ ಪರದೆ ಬಂದರೆ ಡಿಸ್ಕನ್ನು ಸಾಟಾದಿಂದ ಐಡಿಇಗೆ ಅಥವಾ ಐಡಿಇಯಿಂದ ಸಾಟಾಗೆ ಬದಲಿಸಿ ನೋಡಿ. ಯಂತ್ರ ಬದಲಾದದ್ದನ್ನು ಕಂಡು ವಿಂಡೋಸ್ ಮತ್ತೆ ಆ್ಯಕ್ಟಿವೇಷನ್ ಕೇಳುತ್ತದೆ. ಪಿಸಿಯ ಜೊತೆ ಬಂದ ಓಇಎಂ ಪರವಾನಗಿ ಆ ಪಿಸಿಗೇ ಕಟ್ಟುಬಿದ್ದದ್ದು. ವಿಎಂ ತಂತ್ರಾಂಶ ಪುಕ್ಕಟೆ ಎಂದ ಮಾತ್ರಕ್ಕೆ ಒಳಗಿನ ವಿಂಡೋಸ್ ಪುಕ್ಕಟೆಯಲ್ಲ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿದ್ದರೆ ಅವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಕೆಲಸವನ್ನು ಗೆಸ್ಟ್‌ನೊಳಗೇ ಮುಗಿಸಿ. ಆ ಹಳೆಯ ಫಾಂಟುಗಳ ಬರಹವನ್ನು ಹಾಗೇ ಕಾಪಿ ಮಾಡಿ ಹೊರಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ.

ಕರೆಂಟು, ಡೇಟಾ ಮತ್ತು ಪ್ರತಿ ತೆಗೆದಿಡುವುದು

ಜೂನ್‌ನಿಂದ ಮರ ಬಿದ್ದು ಲೈನ್ ಹೋಗುವುದು ಇಲ್ಲಿ ಹೊಸ ಸುದ್ದಿಯಲ್ಲ. ವಿಎಂ ಓಡುತ್ತಿರುವಾಗ ಕರೆಂಟು ಹೋದರೆ ಹೋಸ್ಟ್‌ನ ಡಿಸ್ಕು, ಗೆಸ್ಟ್‌ನ ಡಿಸ್ಕು ಎರಡೂ ಅರ್ಧ ಬರೆದ ಸ್ಥಿತಿಯಲ್ಲಿ ನಿಲ್ಲುತ್ತವೆ. ಡೆಸ್ಕ್‌ಟಾಪ್‌ನಲ್ಲಿ ವಿಎಂ ಇಟ್ಟುಕೊಳ್ಳುವವರಿಗೆ ಯುಪಿಎಸ್ ಇಲ್ಲದಿದ್ದರೆ ಆಗದು. ಅದು ಕೂಗಿದ ತಕ್ಷಣ ಗೆಸ್ಟ್ ವಿಂಡೋಸ್ ಶಟ್‌ಡೌನ್ ಮಾಡಲು ಕೂರಬೇಡಿ. ಕಿಟಕಿಯ ಕ್ಲೋಸ್ ಗುರುತು ಒತ್ತಿ ಸೇವ್ ದ ಮಷಿನ್ ಸ್ಟೇಟ್ ಆರಿಸಿ. ಗೆಸ್ಟ್‌ನ ರ‍್ಯಾಮ್ ಇದ್ದ ಹಾಗೇ ಫೈಲಿಗೆ ಇಳಿಯುತ್ತದೆ, ಎಸ್‌ಎಸ್‌ಡಿ ಇದ್ದರೆ ಬೇಗ ಮುಗಿಯುತ್ತದೆ. ಗೆಸ್ಟ್‌ಗೆ ಕಡಿಮೆ ರ‍್ಯಾಮ್ ಕೊಟ್ಟಿದ್ದರೆ ಇಲ್ಲೂ ಲಾಭ. ಇದಲ್ಲದೆ ವರ್ಚುವಲ್‌ಬಾಕ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ಯೂಸ್ ಹೋಸ್ಟ್ ಐ/ಒ ಕ್ಯಾಶ್ ಎಂಬ ಗುರುತಿದೆ. ಸಾಟಾಗೆ ಅದು ತೆಗೆದೇ ಇರುತ್ತದೆ, ಐಡಿಇಗೆ ಹಾಕಿಯೇ ಇರುತ್ತದೆ. ಅದಿದ್ದರೆ ಗೆಸ್ಟ್ ಬರೆದಾಯಿತು ಎಂದುಕೊಂಡ ಲೆಕ್ಕ ಇನ್ನೂ ಹೋಸ್ಟ್‌ನ ರ‍್ಯಾಮ್‌ನಲ್ಲೇ ಇರಬಹುದು, ಕರೆಂಟು ಹೋದರೆ ಅದೂ ಹೋಗುತ್ತದೆ. ಚೆಕ್‌ರೋಲ್‌ನ ಎಕ್ಸ್‌ಪಿ ಗೆಸ್ಟ್‌ನಲ್ಲಿ ಆ ಗುರುತು ತೆಗೆದುಬಿಡಿ.

ಐಎಸ್‌ಒಗಳು ದೊಡ್ಡವು. ಉಬುಂಟು 24.04 ಡೆಸ್ಕ್‌ಟಾಪ್ ಸುಮಾರು 6 ಜಿಬಿ, ಲಿನಕ್ಸ್ ಮಿಂಟ್ 22 ಅದರರ್ಧದಷ್ಟು. ನೆಟ್ ಕೈಕೊಡುವ ಕಡೆ ಬ್ರೌಸರಿನಿಂದ ಇಳಿಸುವ ಬದಲು ಟೊರೆಂಟ್ ಬಳಸಿ. ಎರಡೂ ಯೋಜನೆಗಳು ಅಧಿಕೃತವಾಗಿಯೇ ಟೊರೆಂಟ್ ಕೊಡುತ್ತವೆ, ನಿಂತಲ್ಲಿಂದ ಮತ್ತೆ ಮುಂದುವರಿಯುತ್ತದೆ. ಬ್ರೌಸರಿನಿಂದಲೇ ಇಳಿಸಿದರೆ 7-ಜಿಪ್ ಹಾಕಿ, ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಸಿಆರ್‌ಸಿ ಎಸ್‌ಎಚ್‌ಎ ಮೆನುವಿನಲ್ಲಿ ಎಸ್‌ಎಚ್‌ಎ-256 ಲೆಕ್ಕ ಹಾಕಿಸಿ ತಾಣದಲ್ಲಿ ಕೊಟ್ಟ ಸಂಖ್ಯೆಯೊಂದಿಗೆ ಹೋಲಿಸಿ. ಅನುಸ್ಥಾಪನೆ ಅರ್ಧದಲ್ಲಿ ವಿಚಿತ್ರ ದೋಷ ತೋರಿಸಿ ನಿಲ್ಲುವುದಕ್ಕೆ ಹಾಳಾದ ಐಎಸ್‌ಒ ಒಂದು ಸಾಮಾನ್ಯ ಕಾರಣ.

ವಿಎಂನ ಈ ಕ್ಷಣದ ಸ್ಥಿತಿಯನ್ನು ಗುರುತಿಸಿಟ್ಟು, ಬೇಕಾದಾಗ ಅಲ್ಲಿಗೇ ಮರಳಲು ಬಿಡುವ ಸ್ನ್ಯಾಪ್‌ಶಾಟ್ ಅನ್ನು ಬ್ಯಾಕಪ್ ಎಂದು ತಿಳಿಯಬೇಡಿ. ಅದು ಅದೇ ಡಿಸ್ಕಿನ ಮೇಲೆ, ಮೂಲ ಫೈಲನ್ನೇ ನೆಚ್ಚಿಕೊಂಡಿರುತ್ತದೆ. ಡಿಸ್ಕು ಹೋದರೆ ಎರಡೂ ಹೋದವು. ಹೊಸ ಅಪ್‌ಡೇಟ್ ಹಾಕುವ ಮುಂಚೆ ಒಂದು ತೆಗೆದು, ಎಲ್ಲ ಸರಿಯಿದೆ ಎಂದಾದ ಮೇಲೆ ಅಳಿಸಿ. ಕೂಡಿಟ್ಟಷ್ಟೂ ಜಾಗ ತಿನ್ನುತ್ತದೆ. ಹೋಸ್ಟ್ ಡ್ರೈವ್ ತುಂಬಿದರೆ ವರ್ಚುವಲ್‌ಬಾಕ್ಸ್ ವಿಎಂ ಅನ್ನು ಅಲ್ಲೇ ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ನಿಜವಾದ ಪ್ರತಿ ಬೇಕೆಂದರೆ ವಿಎಂ ಪೂರ್ತಿ ಶಟ್‌ಡೌನ್ ಮಾಡಿ ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಅಪ್ಲಯನ್ಸ್ ಒತ್ತಿ, ಬಂದ ಓವಿಎ ಫೈಲನ್ನು ಬೇರೆ ಡಿಸ್ಕಿಗೆ ಹಾಕಿ. ವಿಎಂವೇರ್ ಕೂಡ ಓವಿಎ ತೆರೆಯುವುದರಿಂದ ನಾಳೆ ತಂತ್ರಾಂಶ ಬದಲಿಸಿದರೂ ವಿಎಂ ಕೈಬಿಡುವುದಿಲ್ಲ. ಪೆನ್‌ಡ್ರೈವಿಗೆ ಕಾಪಿ ಮಾಡುವಾಗ ಜಾಗವಿದ್ದರೂ ಫೈಲು ತುಂಬ ದೊಡ್ಡದು ಎಂದು ನಿಂತರೆ ಆ ಡ್ರೈವ್ ಎಫ್‌ಎಟಿ32ರಲ್ಲಿದೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ. ಒಳಗಿರುವುದನ್ನು ಬೇರೆಡೆ ಇಟ್ಟುಕೊಂಡು ಎಕ್ಸ್‌ಎಫ್‌ಎಟಿಗೆ ಫಾರ್ಮ್ಯಾಟ್ ಮಾಡಿ.